ಎಳೆದರೆ ಕುಣಿಯದ ಹುಲಿ: ಆಟಿಕೆ ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿನಿಗೆ ಉತ್ತರ

ಪ್ರಶ್ನೆ: ನಾನು ಮಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ, ಆರನೇ ಸೆಮಿಸ್ಟರ್. ಮನೆ ಉಡುಪಿ ಹತ್ತಿರ. ಈ ಸಲ ‘ಆಟಿಕೆ ವಿನ್ಯಾಸ ಮತ್ತು ಪ್ರೊಟೊಟೈಪಿಂಗ್’ (ಅಂದರೆ ಪರೀಕ್ಷೆಗೆ ಮಾದರಿ ಮಾಡುವುದು) ಅನ್ನೋ ಓಪನ್ ಇಲೆಕ್ಟಿವ್, ಅಂದರೆ ನಾವೇ ಆರಿಸಿಕೊಳ್ಳುವ ವಿಷಯ, ತಗೊಂಡಿದ್ದೇನೆ. ನಾಲ್ಕು ಜನರ ತಂಡ. 2ರಿಂದ 4 ವರ್ಷದ ಮಕ್ಕಳಿಗಾಗಿ ಹಗ್ಗ ಹಿಡಿದು ಎಳೆಯುವ ಹುಲಿವೇಷದ ಗೊಂಬೆ ಮಾಡುತ್ತಿದ್ದೇವೆ. ಎಳೆದಾಗ ಹುಲಿ ಹಾರಿ ಹಾರಿ ಕುಣಿಯಬೇಕು. ಕಣ್ಣಿಗೆ ಎಲ್‌ಇಡಿ, ಬಾಲ ಮ್ಯಾಗ್ನೆಟ್‌ನಿಂದ ಅಂಟಿಕೊಳ್ಳುತ್ತದೆ. ಮೂರು ವಾರದಲ್ಲಿ ಎರಡು ಸಲ 3ಡಿ ಪ್ರಿಂಟ್ ತೆಗೆದೆವು. ಮೊದಲನೆಯದರ ಕಿವಿ ಮುರಿಯಿತು. ಎರಡನೆಯದು ಲ್ಯಾಬಿನ ಮೇಜಿನ ಮೇಲೆ ಚೆನ್ನಾಗಿ ಕುಣಿಯಿತು, ಮನೆಯ ಟೈಲ್ಸ್ ಮೇಲೆ ಎಳೆದರೆ ಚಕ್ರ ಜಾರುತ್ತದೆ, ಹುಲಿ ಅಲ್ಲಾಡುವುದಿಲ್ಲ. ಇನ್ನು ಐದು ವಾರ ಇದೆ. ಮಕ್ಕಳ ಕೈಗೆ ಕೊಟ್ಟು ನೋಡಿ ಅಂತ ಸರ್ ಹೇಳುತ್ತಾರೆ. ಗೆಳತಿಯ ಚಿಕ್ಕಮ್ಮ ಅಂಗನವಾಡಿ ಟೀಚರ್, ಅಲ್ಲಿ ಕೊಡಬಹುದಾ? ಪಿಎಲ್‌ಎ (3ಡಿ ಪ್ರಿಂಟಿಗೆ ಹಾಕುವ ಪ್ಲಾಸ್ಟಿಕ್) ಮೆಕ್ಕೆಜೋಳದಿಂದ ಮಾಡಿದ್ದು, ಮಗು ಬಾಯಿಗೆ ಹಾಕಿದರೂ ತೊಂದರೆ ಇಲ್ಲ ಅಂತಾರೆ, ನಿಜವಾ? ಕಾಲೇಜು ಫೆಸ್ಟ್‌ನಲ್ಲಿ ಸ್ಟಾಲ್ ಹಾಕಿ ಹತ್ತಿಪ್ಪತ್ತು ಮಾರುವ ಆಸೆಯೂ ಇದೆ. ಇದೆಲ್ಲದರ ನಡುವೆ ದೊಡ್ಡಪ್ಪ, “ಅಷ್ಟು ಫೀಸು ಕಟ್ಟಿ ಗೊಂಬೆ ಮಾಡಲು ಕಲಿಯುವುದಾ?” ಅಂತ ನಗುತ್ತಾರೆ. ನನಗೂ ಒಮ್ಮೊಮ್ಮೆ ಹಾಗೇ ಅನಿಸುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಏಳೆಂಟು ಉಂಟು. ಎರಡು ಸಲ ಓದಿದ ಮೇಲೆ ನನಗೆ ಕಂಡದ್ದು ಒಂದೇ ಚಿಂತೆ: ಮೂರನೇ ಪ್ರಿಂಟೂ ಕೈಕೊಟ್ಟರೆ ಎಂತ ಮಾಡುವುದು? ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಮೂರನೇ ಪ್ರಿಂಟ್ ಈಗ ತೆಗೆಯಬೇಡಿ. ನಾಲ್ಕನೇ ವಾರದವರೆಗೆ ಪ್ರಿಂಟರ್ ಹತ್ತಿರ ಹೋಗದಿದ್ದರೂ ನಡೆಯುತ್ತದೆ. ಒಂದೇ ಒಂದು ವಸ್ತುವಿಗಾಗಿ ಹೋಗಿ. ಅದು ಹುಲಿ ಅಲ್ಲ, ಯಾವುದು ಅಂತ ಮುಂದೆ ಬರುತ್ತದೆ.

ನಾನು ಇಪ್ಪತ್ತು ವರ್ಷ ಪ್ಲಾಸ್ಟಿಕ್ ಮೋಲ್ಡ್ ಕೆಲಸದಲ್ಲಿದ್ದವನು, ಅದರಲ್ಲಿ ಏಳೆಂಟು ವರ್ಷ ಆಟಿಕೆಯ ಭಾಗಗಳದ್ದೇ ಕೆಲಸ. ಈಗ ವಾರಕ್ಕೆ ಎರಡು ದಿನ ಕಾಲೇಜಿಗೆ ಹೋಗಿ ಇದೇ ವಿಷಯ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಇದೇ ಕಥೆ. ಮೊದಲ ವಾರ ಕಂಪ್ಯೂಟರಿನಲ್ಲಿ ಚಂದದ ಮಾಡೆಲ್. ಆಮೇಲೆ ಪ್ರಿಂಟರಿನ ಮುಂದೆ ಕ್ಯೂ. ಆಮೇಲೆ ರಾತ್ರಿಯಿಡೀ ಓಡುವ ಪ್ರಿಂಟ್. ಕಡೆಗೆ ಫೆವಿಕ್ವಿಕ್. ಪ್ರಿಂಟರ್ ಒಳ್ಳೆಯ ಯಂತ್ರವೇ, ಆದರೆ ಕೇಳಿದ್ದಕ್ಕೆ ಉತ್ತರ ಕೊಡಲು ಅದಕ್ಕೆ ಒಂದು ದಿನ ಬೇಕು. ರಟ್ಟು ಹತ್ತು ನಿಮಿಷದಲ್ಲಿ ಕೊಡುತ್ತದೆ. ಚಕ್ರ ಜಾರುತ್ತದೆ ಅಂತ ಗೊತ್ತಾಗಲು ನಿಮಗೆ ಮೂರು ವಾರ ಬೇಕಾಯಿತು ಅಲ್ವಾ? ಒಂದು ಶೂ ಡಬ್ಬದ ರಟ್ಟು, ನಾಲ್ಕು ಬಿದಿರು ಕಡ್ಡಿ ಇದ್ದಿದ್ದರೆ ಅದು ಮೊದಲ ದಿನ ಸಂಜೆಯೇ ಗೊತ್ತಾಗುತ್ತಿತ್ತು.

ಈಗ ಜಾರುವ ಚಕ್ರದ ವಿಷಯಕ್ಕೆ ಬರೋಣ. ನಿಜವಾದ ಎಂಜಿನಿಯರಿಂಗ್ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಒಂದು ಪರೀಕ್ಷೆ. ಚಕ್ರಕ್ಕೂ ಆಕ್ಸಲ್‌ಗೂ (ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ಕಡ್ಡಿ) ಸೇರಿಸಿ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಹತ್ತು ಸಲ ಎಳೆದು ನೋಡಿ. ಗೆರೆ ಎರಡು ತುಂಡಾಗಿದ್ದರೆ ನೆಲದ ಮೇಲೆ ಚಕ್ರ ಜಾರುತ್ತಿಲ್ಲ, ಆಕ್ಸಲ್ ಮೇಲೆ ಚಕ್ರವೇ ಸುಮ್ನೆ ಸುತ್ತುತ್ತಿದೆ ಅಂತ ಅರ್ಥ. ಇದು ತುಂಬಾ ಸಲ ಆಗುತ್ತದೆ. ಆಗ ತೂತು ಬಿಗಿ ಮಾಡಬೇಕು ಅಥವಾ ಆಕ್ಸಲ್ ತುದಿಯನ್ನು ಚಪ್ಪಟೆ ಮಾಡಿ ಕೂರಿಸಬೇಕು. ಗೆರೆ ಒಂದೇ ಆಗಿ ಉಳಿದಿದ್ದರೆ ಮಾತ್ರ ತೊಂದರೆ ನೆಲದ್ದು.

ನೆಲದ್ದೇ ಆದರೆ ಕಾರಣ ಮೂರು ಇರಬಹುದು. ಪಿಎಲ್‌ಎ ನಯವಾದ ಗಟ್ಟಿ ಪ್ಲಾಸ್ಟಿಕ್, ವಿಟ್ರಿಫೈಡ್ ಟೈಲ್ಸ್ ಕನ್ನಡಿಯ ಹಾಗಿರುತ್ತದೆ, ಎರಡಕ್ಕೂ ಹಿಡಿತ ಇಲ್ಲ. ಇದಕ್ಕೆ ಮದ್ದು ಸೈಕಲ್ ಅಂಗಡಿಯಲ್ಲಿ ಉಂಟು. ಹಳೆ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಚಕ್ರಕ್ಕೆ ಬಿಗಿಯಾಗಿ ತೊಡಿಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. (ಇದು ಪರೀಕ್ಷೆಗೆ ಮಾತ್ರ. ಕಡೆಯ ಮಾಡೆಲ್‌ನಲ್ಲಿ ರಬ್ಬರ್ ಕಳಚದ ಹಾಗೆ ಚಕ್ರದ ಸುತ್ತ ತೋಡು ಕೊರೆದು ಕೂರಿಸಬೇಕು.)

ಎರಡನೆಯದು ಭಾರ. ಹುಲಿಯನ್ನು ಎತ್ತುವ ಕೆಲಸ ಯಾವ ಆಕ್ಸಲ್ ಮಾಡುತ್ತದೋ ಅದರ ಮೇಲೆಯೇ ಭಾರ ಜಾಸ್ತಿ ಕೂತಿರಬೇಕು. ಭಾರ ಇಲ್ಲದ ಕಡೆ ಹಿಡಿತವೂ ಇರುವುದಿಲ್ಲ. ಒಳಗೆ ಜೇನುಗೂಡಿನ ಹಾಗೆ ಟೊಳ್ಳು ಬಿಟ್ಟು ಪ್ರಿಂಟ್ ಮಾಡಿದ ಗಾಡಿ ತುಂಬಾ ಹಗುರ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಲ್ಯಾಬಿನ ಮೇಜಿನ ಮೇಲೆ ಎಳೆದಾಗ ಹಗ್ಗ ಅಡ್ಡಡ್ಡ ಇರುತ್ತದೆ. ಮನೆಯಲ್ಲಿ ನಿಂತು ಎಳೆದಾಗ ಹಗ್ಗ ಮೇಲ್ಮುಖವಾಗಿ ಓರೆ ಆಗುತ್ತದೆ. ಆಗ ಹಗ್ಗ ಗಾಡಿಯ ಮೂತಿಯನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಮುಂದಿನ ಚಕ್ರದ ಭಾರ ಇಳಿದುಹೋಗುತ್ತದೆ. ನಿಮ್ಮ ಕ್ಯಾಮ್ (ಆಕ್ಸಲ್ ಜೊತೆ ತಿರುಗುತ್ತಾ ಹುಲಿಯನ್ನು ಎತ್ತಿ ಇಳಿಸುವ ಬಿಲ್ಲೆ) ಮುಂದಿನ ಆಕ್ಸಲ್ ಮೇಲೆ ಇದೆಯಾ? ಪತ್ರದಲ್ಲಿ ಬರೆದಿಲ್ಲ, ಆದರೆ ನನ್ನ ಊಹೆ ಹೌದು. ಮೇಜಿನ ಮೇಲೆ ಕುಣಿದ ಹುಲಿ ಮನೆಯಲ್ಲಿ ಕುಣಿಯದಿರುವುದಕ್ಕೆ ಟೈಲ್ಸಿನಷ್ಟೇ ಇದೂ ಕಾರಣ ಇರಬಹುದು. ಕ್ಯಾಮನ್ನು ಹಿಂದಿನ ಆಕ್ಸಲ್‌ಗೆ ಸಾಗಿಸಿ, ಹುಲಿಯನ್ನು ಅದರ ಮೇಲೆಯೇ ನಿಲ್ಲಿಸಿ.

ಇನ್ನು ಕುಣಿತ. ನಡುವಿನಿಂದ 5 ಮಿ.ಮೀ. ಪಕ್ಕಕ್ಕೆ ತೂತು ಕೊರೆದ ಒಂದು ದುಂಡನೆಯ ಬಿಲ್ಲೆ ಸಾಕು, ಹುಲಿ 10 ಮಿ.ಮೀ. ಏರಿಳಿಯುತ್ತದೆ. 60 ಮಿ.ಮೀ. ಅಗಲದ ಚಕ್ರ ಒಂದು ಸುತ್ತು ಬಂದರೆ ಸುಮಾರು 19 ಸೆಂ.ಮೀ. ದಾರಿ. ಅಂದರೆ ಒಂದು ಮೀಟರ್ ಎಳೆದರೆ ಐದು ಕುಣಿತ. ವಿಟ್ಲಪಿಂಡಿ (ಕೃಷ್ಣ ಜನ್ಮಾಷ್ಟಮಿಯ ಮರುದಿನದ ಉತ್ಸವ) ದಿನ ಉಡುಪಿಯ ರಥಬೀದಿಯಲ್ಲಿ ನಿಂತು ಹುಲಿವೇಷ ನೋಡಿದ ಮಗುವಿಗೆ ಇದು ಹುಲಿ ಅಂತ ಅನಿಸೀತಾ? ತಾಸೆ ವಾದ್ಯದ ಬಡಿತಕ್ಕೆ ಹುಲಿ ಹಾರುತ್ತದೆ. ಲಿಫ್ಟಿನ ಹಾಗೆ ನಿಧಾನ ಏರಿ ನಿಧಾನ ಇಳಿಯುವುದಿಲ್ಲ.

ಇಲ್ಲಿ ಎಲ್ಲರೂ ಹೋಗುವ ದಾರಿ ಬಸವನಹುಳುವಿನ ಆಕಾರದ ಕ್ಯಾಮ್. ನಿಧಾನ ಏರಿ ದಡಕ್ಕನೆ ಬೀಳುತ್ತದೆ, ನೋಡಲು ಬಹಳ ಚಂದ. ನಾನೂ ಮೊದಲು ಹಾಗೇ ಮಾಡಿದ್ದೆ, ಹುಲಿಯ ಬದಲು ಏಡಿ. ಪಕ್ಕದ ಮನೆಯ ಎರಡೂವರೆ ವರ್ಷದ ಹುಡುಗನಿಗೆ ಕೊಟ್ಟೆ. ಅವನು ಎಳೆಯಲೇ ಇಲ್ಲ. ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ನೂಕಿದ. ಆ ಕ್ಯಾಮ್ ಉಲ್ಟಾ ತಿರುಗುವುದಿಲ್ಲ. ಮೆಟ್ಟಿಲಿಗೆ ಕಾಲು ಸಿಕ್ಕಿಕೊಂಡ ಹಾಗೆ ಒಳಗಿನ ಕಡ್ಡಿ ಸಿಕ್ಕಿಕೊಂಡಿತು, ಅವನು ಇನ್ನೂ ಜೋರಾಗಿ ನೂಕಿದ, ಪಟ್ ಅಂತ ಕಡ್ಡಿ ಮುರಿದು ಚೂಪು ತುದಿ ಹೊರಗೆ ಬಂತು. ನಾನು ಗಾಡಿ ಕಸಿದುಕೊಂಡು ಕಡ್ಡಿ ಕಿತ್ತು ಜೇಬಿಗೆ ಹಾಕಿಕೊಂಡೆ. ಅವನು ಅಳಲು ಶುರು ಮಾಡಿದ ಅಂತ ಉಳಿದ ಗಾಡಿಯನ್ನು ವಾಪಸ್ ಕೊಟ್ಟೆ. ಅದನ್ನು ಮಗುಚಿ ಹಾಕಿ, ಚಕ್ರಗಳನ್ನು ಅಂಗೈಯಲ್ಲಿ ತಿರುಗಿಸುತ್ತಾ ಇಪ್ಪತ್ತು ನಿಮಿಷ ಕೂತ. ಏಡಿಯ ಕಡೆ ನೋಡಲೂ ಇಲ್ಲ. ನನ್ನ ಎರಡು ತಿಂಗಳ ಕೆಲಸ ಅದು, ಮಾರಾಯ್ರೆ.

ಆದ್ದರಿಂದ ಎರಡೂ ಕಡೆ ತಿರುಗುವ ಕ್ಯಾಮ್ ಮಾಡಿ. ಕಡಲೆಕಾಯಿಯ ಸಿಪ್ಪೆಯ ಹಾಗೆ ಎರಡು ಉಬ್ಬು ಇರುವ ಬಿಲ್ಲೆ ಹಾಕಿದರೆ ಒಂದು ಸುತ್ತಿಗೆ ಎರಡು ಹಾರು ಸಿಗುತ್ತದೆ, ಹಿಂದಕ್ಕೆ ನೂಕಿದರೂ ಸಿಕ್ಕಿಕೊಳ್ಳುವುದಿಲ್ಲ. ಹಾರು ಚಿಕ್ಕದಾಯಿತು ಅನಿಸಿದರೆ ಎತ್ತರ ಹೆಚ್ಚಿಸಬೇಡಿ, ಹೆಚ್ಚಿಸಿದಷ್ಟೂ ಚಕ್ರ ಜಾರುತ್ತದೆ. ಬದಲಿಗೆ ಹುಲಿಯ ಕೈಕಾಲನ್ನು ಸಡಿಲ ಮಾಡಿ. ಕುಂದಾಪುರ ಹತ್ತಿರದ ಉಪ್ಪಿನಕುದ್ರುವಿನ ಯಕ್ಷಗಾನ ಸೂತ್ರದ ಗೊಂಬೆ ನೋಡಿದ್ದೀರಾ? ಮೇಲೆ ಸೂತ್ರ ಹಿಡಿದವರ ಕೈ ಸ್ವಲ್ಪ ಅಲ್ಲಾಡಿದರೆ ಕೆಳಗೆ ಇಡೀ ಗೊಂಬೆಗೆ ಜೀವ ಬರುತ್ತದೆ, ಕೀಲುಗಳು ಸಡಿಲ ಇರುವುದರಿಂದ. ಅದೇ ಉಪಾಯ ಇಲ್ಲಿಗೂ ಆಗುತ್ತದೆ.

ಇದನ್ನೆಲ್ಲ ರಟ್ಟಿನಲ್ಲಿ ಮಾಡಿ. ಬಾಟಲಿಯ ಮುಚ್ಚಳ, ಬಿದಿರು ಕಡ್ಡಿ, ಚಪ್ಪಲಿಯ ಹಳೇ ಸೋಲ್, ಬಿಸಿ ಅಂಟಿನ ಗನ್, ಇಷ್ಟು ಸಾಕು. ಅರವಿಂದ ಗುಪ್ತಾ ಅವರ ಹೆಸರು ಕೇಳಿರಬಹುದು. ಐಐಟಿ ಕಾನ್ಪುರದಲ್ಲಿ ಓದಿದವರು, 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿಯನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡಿಗೆ ಸಿಕ್ಕಿಸಿ ತ್ರಿಕೋನ, ಮನೆ, ಸೇತುವೆ ಎಲ್ಲ ಮಾಡಿ ತೋರಿಸಿದರು. ಕೀಲು ಹೇಗಿರಬೇಕು ಅಂತ ಅರ್ಥ ಮಾಡಿಕೊಳ್ಳಲು ನನಗೆ ಅದಕ್ಕಿಂತ ಅಗ್ಗದ ಸಾಮಾನು ಗೊತ್ತಿಲ್ಲ. ನಾಲ್ಕು ಜನ ಒಟ್ಟಿಗೆ ಒಂದು ಹುಲಿ ಮಾಡಬೇಡಿ. ಒಬ್ಬೊಬ್ಬರು ಎರಡೆರಡು ಮಾಡಿ. ಎಂಟು ಹುಲಿ ಆಗಬೇಕು, ಎಲ್ಲವೂ ಕುರೂಪ ಇರಲಿ. ಚಂದ ಮಾಡಿದರೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ.

ಕಿವಿ ಮುರಿದ ಕಾರಣ ಸುಲಭ. 3ಡಿ ಪ್ರಿಂಟ್ ಪದರ ಪದರವಾಗಿ ಏರುತ್ತದೆ. ಒಂದೇ ಪದರದ ಒಳಗೆ ಗಟ್ಟಿ, ಎರಡು ಪದರ ಕೂಡುವಲ್ಲಿ ದುರ್ಬಲ. ಸೌದೆ ನಾರಿನ ಉದ್ದಕ್ಕೆ ಸೀಳಿದಷ್ಟು ಸುಲಭದಲ್ಲಿ ಅಡ್ಡಕ್ಕೆ ಸೀಳುವುದಿಲ್ಲ ಅಲ್ವಾ, ಹಾಗೆ. ನಿಂತ ಹುಲಿಯನ್ನು ನಿಂತ ಹಾಗೇ ಪ್ರಿಂಟ್ ಮಾಡಿದಿರಿ, ಕಿವಿಯ ಬುಡದಲ್ಲಿ ಅಡ್ಡ ಪದರ ಬಂತು, ಬಾಗಿಸಿದಾಗ ಅಲ್ಲೇ ಬಿಟ್ಟುಕೊಂಡಿತು. ತಲೆಯನ್ನು ಬೇರೆ ಮಾಡಿ ಮಲಗಿಸಿ ಪ್ರಿಂಟ್ ತೆಗೆಯಬಹುದು, ಬುಡವನ್ನು ದಪ್ಪ ಮಾಡಿ ಮೂಲೆಯನ್ನು ದುಂಡಗೆ ಮಾಡಬಹುದು. ಇನ್ನೊಂದು ವಿಷಯ ನಮ್ಮ ಕರಾವಳಿಯದ್ದೇ. ಪಿಎಲ್‌ಎ ತಂತಿ ಗಾಳಿಯ ತೇವ ಹೀರುತ್ತದೆ. ಡಬ್ಬದ ಹೊರಗೆ ಇಟ್ಟ ಹಪ್ಪಳವೇ ಇಲ್ಲಿ ಮೆತ್ತಗಾಗುತ್ತದೆ, ಲ್ಯಾಬಿನಲ್ಲಿ ತೆರೆದಿಟ್ಟ ತಂತಿಯ ಗತಿ ಕೇಳಬೇಡಿ. ಪ್ರಿಂಟ್ ಆಗುವಾಗ ನಾಜಲ್ (ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ) ಹತ್ತಿರ ಚಟಪಟ ಸದ್ದು ಬರುತ್ತಿದ್ದರೆ ಅದೇ ತೇವ ಕುದಿಯುವ ಸದ್ದು. ಅಂಥ ಪ್ರಿಂಟ್ ಬೇಗ ಮುರಿಯುತ್ತದೆ. ಗಾಳಿ ಆಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಚೀಲ, ಅಷ್ಟೇ.

ಆದರೆ ಕಿವಿ ಪ್ಲಾಸ್ಟಿಕ್‌ನದ್ದೇ ಯಾಕೆ ಆಗಬೇಕು? ಬಟ್ಟೆಯಲ್ಲಿ ಹೊಲಿದರೆ ಮುರಿಯುವ ಪ್ರಶ್ನೆಯೇ ಇಲ್ಲ. ಕುಣಿದಾಗ ಪಟಪಟ ಅಲ್ಲಾಡುತ್ತದೆ ಬೇರೆ.

ಜೋಳದ ಪ್ಲಾಸ್ಟಿಕ್ ಕಥೆಗೆ ಬರುತ್ತೇನೆ. ಅರ್ಧ ನಿಜ. ಪಿಎಲ್‌ಎಯನ್ನು ಮೆಕ್ಕೆಜೋಳ, ಕಬ್ಬಿನಂಥ ಬೆಳೆಗಳ ಸಕ್ಕರೆಯಿಂದ ಮಾಡುತ್ತಾರೆ. ಆದರೆ ನಿಮ್ಮ ಕೈಗೆ ಬರುವ ಹಳದಿ ತಂತಿಯಲ್ಲಿ ಬಣ್ಣ ಇದೆ, ಬೇರೆ ಸೇರಿಕೆಗಳಿವೆ. ಅವು ಏನು ಅಂತ ರೀಲಿನ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಪದರಗಳ ನಡುವಿನ ಸಣ್ಣ ಗೀರುಗಳು. ಮಗುವಿನ ಜೊಲ್ಲು, ಬಿಸ್ಕತ್ತಿನ ಪುಡಿ ಅಲ್ಲಿ ಕೂತರೆ ತೊಳೆದು ತೆಗೆಯಲು ಆಗುವುದಿಲ್ಲ. ಕುದಿಯುವ ನೀರಿಗೆ ಹಾಕೋಣ ಅಂದರೆ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಮಲ್ಪೆ ಬೀಚ್ ಹತ್ತಿರ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಧ್ಯಾಹ್ನ ಇಟ್ಟರೆ ಹುಲಿ ಬಾಗಿ ಬೆಕ್ಕಾಗಬಹುದು. ಹಾಗಾಗಿ ಬಾಯಿಗೆ ಹೋಗುವ ವಯಸ್ಸಿನ ಮಗುವಿಗೆ ಈ ಪ್ರಿಂಟ್ ಬೇಡ.

ಹಾಗಂತ ‘ಮರ ಅಂದರೆ ಸೇಫ್’ ಅನ್ನುವುದೂ ಪೂರ್ತಿ ನಿಜ ಅಲ್ಲ. ಲೇಸರ್ ಕಟಿಂಗಿಗೆ ಬಳಸುವ ಎಂಡಿಎಫ್ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ್ದು, ಜೊಲ್ಲು ಬಿದ್ದರೆ ಉಬ್ಬಿ ಪುಡಿಯಾಗುತ್ತದೆ. ಮರದ ಮೇಲಿನ ಬಣ್ಣವೂ ಮುಖ್ಯ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅಂತ 2017ರ ನವೆಂಬರಿನಿಂದ ನಿಯಮ ಇದೆ. ಕಾರು, ಯಂತ್ರಗಳಿಗೆ ಹೊಡೆಯುವ ಬಣ್ಣಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಇರುವ ಸ್ಪ್ರೇ ಡಬ್ಬ ಬಹುಶಃ ಆ ಜಾತಿಯದ್ದು. ಚನ್ನಪಟ್ಟಣದವರು ಹಾಲೆ ಮರವನ್ನು ಲೇತ್ ಮೇಲೆ ತಿರುಗಿಸುತ್ತಾ ಬಣ್ಣ ಬೆರೆಸಿದ ಅರಗನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ನಿಮ್ಮ ವರ್ಕ್‌ಶಾಪಿನಲ್ಲೂ ಮರದ ಲೇತ್ ಇದ್ದರೆ ಚಕ್ರಗಳಿಗೆ ಇದನ್ನು ಮಾಡಿ ನೋಡಬಹುದು, ಪ್ರಿಂಟರಿಗಿಂತ ಬೇಗ ಆಗುತ್ತದೆ.

ಈಗ ನಿಮ್ಮ ಯೋಜನೆಯ ನಿಜವಾದ ತಪ್ಪು. ಅದು ಕಿವಿಯಲ್ಲೂ ಇಲ್ಲ, ಚಕ್ರದಲ್ಲೂ ಇಲ್ಲ. ‘2ರಿಂದ 4 ವರ್ಷ’ ಅನ್ನುವ ಒಂದು ಸಾಲಿನಲ್ಲಿದೆ.

ಆಟಿಕೆಯ ಲೋಕದಲ್ಲಿ 3 ವರ್ಷ ಒಂದು ಗಡಿ. ಅದಕ್ಕಿಂತ ಚಿಕ್ಕ ಮಕ್ಕಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾರೆ, ಹಾಗಾಗಿ ಅವರ ಆಟಿಕೆಗೆ ನಿಯಮ ಬಿಗಿ. ನೀವು ಗಡಿಯ ಎರಡೂ ಕಡೆ ಕಾಲಿಟ್ಟಿದ್ದೀರಿ, ಹಾಗಾದರೆ ಬಿಗಿ ನಿಯಮವೇ ಲೆಕ್ಕ. ಕೆಲವರು ಜಾಣತನ ಮಾಡಿ ಡಬ್ಬದ ಮೇಲೆ ‘3 ವರ್ಷ ಮೇಲ್ಪಟ್ಟವರಿಗೆ’ ಅಂತ ಬರೆಯುತ್ತಾರೆ. ಹಗ್ಗ ಹಿಡಿದು ಎಳೆಯುವ ಗಾಡಿ ಯಾರ ಆಟಿಕೆ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲವಾ? ಆ ಚೀಟಿ ಲೆಕ್ಕಕ್ಕೆ ಬರುವುದಿಲ್ಲ.

ಪ್ರಿಂಟರಿಗೆ ಹೋಗಿ ಅಂದ ಆ ಒಂದು ವಸ್ತು ಇದು. ಸಣ್ಣ ತುಂಡುಗಳನ್ನು ಅಳೆಯುವ ಒಂದು ಕೊಳವೆ. ಒಳ ಅಗಲ 31.7 ಮಿ.ಮೀ. ತಳ ಓರೆ, ಆಳ ಒಂದು ಬದಿ 25.4 ಮಿ.ಮೀ., ಎದುರು ಬದಿ 57.1 ಮಿ.ಮೀ. ಚಿಕ್ಕ ಮಗುವಿನ ಗಂಟಲನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಳತೆ. ಆಟಿಕೆಯ ಯಾವುದೇ ತುಂಡು, ಯಾವ ಕಡೆ ತಿರುಗಿಸಿ ಹಾಕಿದರೂ, ಒತ್ತದೆ ಪೂರ್ತಿ ಒಳಗೆ ಕೂತರೆ ಫೇಲ್. ಬಿದ್ದು, ಎಳೆದು, ಹಿಂಡಿ ನೋಡುವಾಗ ಕಳಚಿಕೊಳ್ಳುವ ತುಂಡಿಗೂ ಇದೇ ಅಳತೆ. ನಿಮ್ಮ ಮುರಿದ ಕಿವಿಯನ್ನು ಹಾಕಿ ನೋಡಿ. ಒಂದು ಎಚ್ಚರಿಕೆ: ಪ್ರಿಂಟ್ ಮಾಡಿದ ತೂತು ಸಾಮಾನ್ಯವಾಗಿ ಸ್ವಲ್ಪ ಕಿರಿದಾಗಿ ಬರುತ್ತದೆ. ಕೊಳವೆ ಕಿರಿದಾದರೆ ಅಪಾಯದ ತುಂಡೂ ಪಾಸಾಗುತ್ತದೆ. ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಸಾಧನ) ಹಾಕಿ ನೋಡಿ, ಮರಳು ಕಾಗದದಲ್ಲಿ ಉಜ್ಜಿ ಸರಿ ಮಾಡಿಕೊಳ್ಳಿ.

ಎಲ್‌ಇಡಿ ಕಣ್ಣು ಬೇಡ. ಅದಕ್ಕೆ ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಹಾಕಿರುತ್ತೀರಿ. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಒಳಗಿನ ಚರ್ಮ ಸುಡಲು ಶುರುವಾಗಬಹುದು. ಮ್ಯಾಗ್ನೆಟ್ ಬಾಲವೂ ಬೇಡ. ಜೋರು ಶಕ್ತಿಯ ಎರಡು ಮ್ಯಾಗ್ನೆಟ್ ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ಹಿಚುಕುತ್ತವೆ. ಈ ಎರಡರಲ್ಲಿ ನಾನು ರಾಜಿ ಮಾಡಿಕೊಳ್ಳುವವನಲ್ಲ. ಹಗ್ಗದ ತುದಿಗೆ ಚಂದಕ್ಕೆ ಮಣಿ ಕಟ್ಟುವುದೂ ಬೇಡ, ಅದು ಹಗ್ಗಕ್ಕೆ ಸುತ್ತಿಕೊಂಡರೆ ಕುಣಿಕೆ ಆಗುತ್ತದೆ. ಹಗ್ಗ ಗಿಡ್ಡ ಇರಲಿ.

ಅಂಗನವಾಡಿಗೆ ಹೋಗಬಹುದಾ? ಹೋಗಬಹುದು, ಆದರೆ ಅಲ್ಲಿ ಶಾಲಾಪೂರ್ವ ಕಲಿಕೆಗೆ ಬರುವವರು 3ರಿಂದ 6 ವರ್ಷದವರು. ನಿಮಗೆ ಬೇಕಾದ 2 ವರ್ಷದವರು ಅಲ್ಲಿ ಇರುವುದು ಕಡಿಮೆ. ದೊಡ್ಡ ಮಕ್ಕಳು ನಿಮ್ಮ ಹುಲಿಯನ್ನು ರೇಸಿಗೆ ಬಿಡುತ್ತಾರೆ, ಅದೂ ನೋಡಲು ಒಳ್ಳೆಯದೇ. ಎರಡು ವರ್ಷದ ಮಗು ಬೇಕಾದರೆ ಸಂಬಂಧಿಕರ ಮನೆಗೆ ಹೋಗಿ, ತಾಯಿಯೋ ಅಜ್ಜಿಯೋ ಪಕ್ಕದಲ್ಲೇ ಇರಲಿ. ಟೀಚರ್ ಹೂಂ ಅಂದರೆ ಸಾಲದು, ಮಕ್ಕಳ ಮನೆಯವರನ್ನೂ ಕೇಳಬೇಕು. ಮಕ್ಕಳ ಮುಖದ ಫೋಟೊ ತೆಗೆಯಬೇಡಿ, ಕೈಯದ್ದು ಸಾಕು. ನಿಮಗೆ ಬೇಕಾದದ್ದೂ ಕೈಯೇ.

ಹೋಗುವ ಮೊದಲು ನಿಮ್ಮ ಸೊಂಟದ ಎತ್ತರದಿಂದ ಸಿಮೆಂಟ್ ನೆಲಕ್ಕೆ ಹತ್ತು ಸಲ ಬೀಳಿಸಿ, ಉದುರಿದ್ದನ್ನೆಲ್ಲ ಕೊಳವೆಗೆ ಹಾಕಿ ನೋಡಿ. ಎಷ್ಟು ತುಂಡು ಒಯ್ದಿರೋ ಎಣಿಸಿ ಬರೆದುಕೊಳ್ಳಿ, ಬರುವಾಗ ಅಷ್ಟೇ ಇದೆಯಾ ನೋಡಿ. ಮಗು ಎಷ್ಟೇ ಅತ್ತರೂ ಪ್ರೊಟೊಟೈಪ್ ಬಿಟ್ಟು ಬರಬೇಡಿ. ಇದು ಕಷ್ಟದ ಕೆಲಸ, ನನಗೆ ಗೊತ್ತು. ಕೈಯಲ್ಲಿ ಒಂದು ಬಾಲ್ ಇಟ್ಟುಕೊಂಡು ಹೋಗಿ, ಅದನ್ನು ಕೊಟ್ಟು ಬನ್ನಿ.

ಅಲ್ಲಿ ಕೂತಾಗ ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡ ವಿದ್ಯೆ. “ಎಳಿ ಪುಟ್ಟ, ಹೀಗೆ ಎಳಿ” ಅಂದಿರೋ, ಪರೀಕ್ಷೆ ಮುಗಿಯಿತು. ಗೊಂಬೆಯನ್ನು ನೆಲದ ಮೇಲೆ ಇಟ್ಟು ದೂರ ಸರಿಯಿರಿ. ಒಬ್ಬರು ನೋಡಲಿ, ಒಬ್ಬರು ಬರೆಯಲಿ. ಮೊದಲು ಯಾವುದನ್ನು ಮುಟ್ಟಿತು? ಯಾವ ಕೈ? ಬಾಯಿಗೆ ಹೋದದ್ದು ಯಾವುದು? ಎಷ್ಟು ಹೊತ್ತಿಗೆ ಬಿಟ್ಟು ಹೋಯಿತು, ಮತ್ತೆ ಬಂತಾ? “ಮಕ್ಕಳಿಗೆ ತುಂಬಾ ಖುಷಿ ಆಯಿತು” ಅಂತ ರಿಪೋರ್ಟಿನಲ್ಲಿ ಬರೆದರೆ ನಾನು ಮಾರ್ಕು ಕೊಡುವುದಿಲ್ಲ. “ಆರರಲ್ಲಿ ನಾಲ್ಕು ಮಕ್ಕಳು ಮೊದಲು ಚಕ್ರ ತಿರುಗಿಸಿದರು” ಅಂತ ಬರೆದರೆ ಕೊಡುತ್ತೇನೆ.

ಕಡೆಯ ಮಾಡೆಲ್‌ಗೆ ನನಗೆ ಕಾಣುವ ದಾರಿ ಎರಡು. ಮೊದಲನೆಯದು, ಹೊರಗಿನದೆಲ್ಲ ಮರ ಮತ್ತು ಬಟ್ಟೆ, ಕ್ಯಾಮ್ ಮಾತ್ರ ಪ್ರಿಂಟ್, ಅದೂ ಮುಚ್ಚಿದ ಪೆಟ್ಟಿಗೆಯ ಒಳಗೆ. ಪುತ್ತೂರು, ಸುಳ್ಯ ಕಡೆ ರಬ್ಬರ್ ಮರ ಧಾರಾಳ ಸಿಗುತ್ತದೆ, ಕೊರೆದರೆ ನಯವಾಗಿ ಬರುತ್ತದೆ. ಆದರೆ ಔಷಧಿ ಕೊಟ್ಟು ಒಣಗಿಸದ ರಬ್ಬರ್ ಮರಕ್ಕೆ ಬೇಗ ಹುಳ, ಬೂಸ್ಟು ಹಿಡಿಯುತ್ತದೆ. ಅದಕ್ಕೆ ಎಂಥ ಔಷಧಿ ಕೊಟ್ಟಿದ್ದಾರೆ ಅಂತ ಮಿಲ್‌ನಲ್ಲಿ ಕೇಳಿ ತಿಳಿಯದೆ ಮಗುವಿನ ಆಟಿಕೆಗೆ ಹಾಕಬೇಡಿ. ಈ ದಾರಿಯಲ್ಲಿ ಸಮಯ ಸಾಲದಿರುವ ಅಪಾಯ ಉಂಟು, ನಿಮ್ಮಲ್ಲಿ ಒಬ್ಬರಿಗಾದರೂ ಮರಗೆಲಸ ಬರಬೇಕು. ಎರಡನೆಯದು, ಪೂರ್ತಿ ಪ್ರಿಂಟ್ ಮಾಡಿ ‘ಇದು ನೋಡಲು ಮಾತ್ರ, ಮಕ್ಕಳಿಗೆ ಕೊಡುವುದಲ್ಲ’ ಅಂತ ಒಪ್ಪಿಕೊಳ್ಳುವುದು. ಸಮಯದಲ್ಲಿ ಮುಗಿಯುತ್ತದೆ. ಪ್ರಾಮಾಣಿಕವಾಗಿ ಹೇಳಿದರೆ ಮಾರ್ಕೂ ಹೋಗುವುದಿಲ್ಲ. ನಾನಾದರೆ ಮೊದಲನೆಯದನ್ನು ಶುರು ಮಾಡಿ, ಮೂರನೇ ವಾರದ ಕೊನೆಗೆ ಮರ ಕೈಗೆ ಸಿಗದಿದ್ದರೆ ಎರಡನೆಯದಕ್ಕೆ ಇಳಿಯುತ್ತೇನೆ.

ನಿಮ್ಮ ದೊಡ್ಡಪ್ಪನವರ ಮಾತು. ಅವರ ಮೇಲೆ ಬೇಸರ ಬೇಡ, ಫೀಸಿನ ಬಿಸಿ ಗೊತ್ತಿದ್ದವರು ಕೇಳುವ ಪ್ರಶ್ನೆಯೇ ಅದು. ಅಮೆರಿಕದ ಎಂಐಟಿಯಲ್ಲಿ (ನಮ್ಮ ಮಣಿಪಾಲದ್ದಲ್ಲ, ಬಾಸ್ಟನ್ ಪಕ್ಕದ್ದು) ಮೆಕ್ಯಾನಿಕಲ್ ವಿಭಾಗದಲ್ಲೇ 2.00ಬಿ ಅನ್ನುವ ಆಟಿಕೆ ವಿನ್ಯಾಸದ ಕ್ಲಾಸ್ ಇದೆ. ಗಾಂಧಿನಗರದ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಆಟಿಕೆ ಮತ್ತು ಆಟಗಳ ವಿನ್ಯಾಸಕ್ಕೇ ಸ್ನಾತಕೋತ್ತರ ಪದವಿ ಇದೆ. ಸೂಪರ್ ಸೋಕರ್ ಅನ್ನುವ ನೀರಿನ ಗನ್ ಮಾಡಿದ ಲಾನಿ ಜಾನ್ಸನ್ ನಾಸಾದಲ್ಲಿ ಕೆಲಸ ಮಾಡಿದ ಎಂಜಿನಿಯರ್. 1982ರಲ್ಲಿ ಮನೆಯಲ್ಲಿ ಒಂದು ಹೀಟ್ ಪಂಪ್ ಪ್ರಯೋಗ ಮಾಡುವಾಗ ನಳಿಕೆಯಿಂದ ನೀರು ಚಿಮ್ಮಿದ್ದು ನೋಡಿ ಹೊಳೆದ ಯೋಚನೆ ಅದು. ಇಷ್ಟು ಹೇಳಿದರೆ ದೊಡ್ಡಪ್ಪ ಸುಮ್ಮನಾಗಬಹುದು. ಆದರೆ ನಿಮಗೆ ಪೂರ್ತಿ ಸತ್ಯ ಗೊತ್ತಿರಲಿ: ಆಟಿಕೆ ಕಂಪನಿಯಲ್ಲೇ ಕೆಲಸ ಬೇಕೆಂದರೆ ಮಂಗಳೂರು, ಉಡುಪಿಯಲ್ಲಿ ಅವಕಾಶ ಕಡಿಮೆ, ಊರು ಬಿಡಬೇಕಾಗುತ್ತದೆ. ಇಂಟರ್‌ವ್ಯೂನಲ್ಲಿ ‘ಆಟಿಕೆ’ ಅನ್ನುವ ಪದಕ್ಕೆ ಬೆಲೆ ಸಿಗದೇ ಇರಬಹುದು. ಮೇಜಿನ ಮೇಲೆ ಕುಣಿದದ್ದು ಟೈಲ್ಸ್ ಮೇಲೆ ಯಾಕೆ ಕುಣಿಯಲಿಲ್ಲ, ಅದನ್ನು ಹೇಗೆ ಕಂಡುಹಿಡಿದಿರಿ ಅನ್ನುವ ಐದು ನಿಮಿಷದ ಕಥೆಗೆ ಸಿಗುತ್ತದೆ. ನಾನು ಕೆಲಸಕ್ಕೆ ಹುಡುಗರನ್ನು ತಗೊಳ್ಳುವಾಗ ಕೇಳುತ್ತಿದ್ದದ್ದು ಅಂಥ ಕಥೆಯನ್ನೇ.

ಉಳಿದದ್ದು ಸ್ಟಾಲ್. ಮಾರಬೇಡಿ. 14 ವರ್ಷದ ಒಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೊ) ಐಎಸ್‌ಐ ಗುರುತು ಕಡ್ಡಾಯ. ಐಎಸ್ 9873 ಅನ್ನುವ ಮಾನದಂಡದ ಪ್ರಕಾರ ಪರೀಕ್ಷೆ ಆಗಬೇಕು, ಕರೆಂಟು ಅಥವಾ ಸೆಲ್ ಇದ್ದರೆ ಐಎಸ್ 15644 ಬರುತ್ತದೆ. “ಅದು ದೊಡ್ಡ ಕಂಪನಿಗಳಿಗೆ, ನಾವು ಹತ್ತೇ ಪೀಸು” ಅನ್ನುವುದು ನಾನು ಜಾಸ್ತಿ ಕೇಳುವ ತಪ್ಪು ತಿಳಿವಳಿಕೆ. ವಿನಾಯಿತಿ ಇರುವುದು ಕರಕುಶಲ ಇಲಾಖೆಯ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ, ಮತ್ತು ಚನ್ನಪಟ್ಟಣ, ಕಿನ್ನಾಳದ ಹಾಗೆ ಜಿಐ (ಊರಿನ ಹೆಸರಿಗೇ ಸಿಗುವ ಭೌಗೋಳಿಕ ಸೂಚಕ) ಗುರುತು ಇರುವ ಆಟಿಕೆಗಳನ್ನು ಅಧಿಕೃತವಾಗಿ ಮಾಡುವವರಿಗೆ. ನೀವು ಎರಡೂ ಅಲ್ಲ. ಮಾರಾಟಕ್ಕೆಂದು ಜೋಡಿಸಿಡುವುದಕ್ಕೂ ಕಾನೂನು ಅನ್ವಯಿಸುತ್ತದೆ. ಲಕ್ಕಿ ಡ್ರಾ ಬಹುಮಾನ ಅಂತ ಹಂಚುವ ಉಪಾಯವೂ ಬೇಡ.

ಸ್ಟಾಲ್ ಹಾಕಿ, ಪ್ರದರ್ಶನಕ್ಕೆ ಅಂತ ಬೋರ್ಡ್ ಇಡಿ, ಬೆಲೆಯ ಚೀಟಿ ಬೇಡ. ನೆಲಕ್ಕೆ ಒಂದು ಕಡೆ ಟೈಲ್ಸ್, ಇನ್ನೊಂದು ಕಡೆ ಚಾಪೆ ಹಾಸಿ, ಬಂದವರೇ ಎಳೆದು ನೋಡಲಿ. ಹಿಂದಿನ ಮೇಜಿನ ಮೇಲೆ ರಟ್ಟಿನ ಎಂಟು ಹುಲಿಗಳನ್ನೂ ಸಾಲಾಗಿ ಇಡಿ, ಮುರಿದ ಕಿವಿ ಸಮೇತ, ಆ ಕೊಳವೆಯ ಪಕ್ಕದಲ್ಲಿ.